ಅಡ್ಡಗೋಡೆಯ ಮೇಲಿನ ದೀಪ: ಹಾರಿಕೆ ಉತ್ತರ ಕೊಡುವವರ ಬಾಯಿಂದ ಖಚಿತ ಮಾತು ಹೊರಡಿಸುವುದು ಹೇಗೆ

ಕೇಳಬೇಕಾದ್ದನ್ನು ಕೇಳಿದಿರಿ. ಎದುರಿನವರು ನಗುನಗುತ್ತಲೇ ಉತ್ತರ ಕೊಟ್ಟರು. ಸಮಾಧಾನವಾಗಿ ಎದ್ದು ಬಂದಿರಿ. "ಏನಂದರು?" ಎಂದು ಮನೆಯವರು ಕೇಳಿದಾಗ ತಡವರಿಸಿದಿರಿ. ಅವರು ಹೂಂ ಎಂದಿರಲಿಲ್ಲ, ಊಹೂಂ ಎಂದೂ ಇರಲಿಲ್ಲ. ಎರಡು ವಾರ ಬಿಟ್ಟು ಮತ್ತೆ ಹೋದರೆ ಮತ್ತದೇ ನಗು, ಮತ್ತದೇ ಮಾತು.

ಹೀಗೆ ಬರಿಗೈಲಿ ವಾಪಸಾಗುವವರಲ್ಲಿ ಹೆಚ್ಚಿನವರು ಎಡವುವುದು ಕ್ರಮದಲ್ಲಿ. ಏನು ಹೇಳಿದರು ಎಂಬುದನ್ನು ಬಿಡಿಸಿ ನೋಡದೆ ನೇರವಾಗಿ ಜಗಳಕ್ಕೆ ನಿಲ್ಲುತ್ತಾರೆ, ಇಲ್ಲವೇ ಒಂದೇ ಉಸಿರಿನಲ್ಲಿ ಐದು ಪ್ರಶ್ನೆ ಕೇಳಿ ಅತಿ ಸುಲಭದ್ದಕ್ಕೆ ಮಾತ್ರ ಉತ್ತರ ಪಡೆದು ಬರುತ್ತಾರೆ. ಕೆಳಗಿನ ಹಂತಗಳನ್ನು ಕೊಟ್ಟಿರುವ ಸಾಲಿನಲ್ಲೇ ಮಾಡಿ. ಅಶ್ವತ್ಥಾಮನ ಕಥೆ ನಿಮಗೆ ಗೊತ್ತೇ ಇದೆ, ಹಾಗಾಗಿ ಅದನ್ನು ಬಿಟ್ಟು ನೇರ ಕೆಲಸಕ್ಕೆ ಬರುತ್ತೇನೆ.

## ಮೊದಲು ಕೈಯಲ್ಲಿರಬೇಕಾದ್ದು

ಒಂದು ಪುಸ್ತಕ, ಒಂದು ಪೆನ್ನು, ತಾರೀಕು ನೋಡಲು ಕ್ಯಾಲೆಂಡರ್. ಫೋನಿನಲ್ಲೇ ಬರೆದುಕೊಳ್ಳುವವರು ಹಾಗೂ ಮಾಡಬಹುದು. ಆದರೆ ಎದುರಿಗೆ ಕೂತು ಫೋನ್ ಒತ್ತುತ್ತಿದ್ದರೆ ರೆಕಾರ್ಡ್ ಮಾಡುತ್ತಿದ್ದೀರಿ ಎಂದು ಅವರಿಗೆ ಅನುಮಾನ ಬರುತ್ತದೆ, ಬಾಯಿ ಇನ್ನಷ್ಟು ಬಿಗಿಯಾಗುತ್ತದೆ. ಪುಸ್ತಕವೇ ವಾಸಿ.

ಪುಟದಲ್ಲಿ ಐದು ಖಾನೆ ಹಾಕಿಕೊಳ್ಳಿ: ಯಾರು, ಏನು, ಎಷ್ಟು, ಯಾವಾಗ, ಆಗದಿದ್ದರೆ. ಐದೂ ತುಂಬಿದರೆ ನಿಮಗೆ ಸಿಕ್ಕಿದ್ದು ಮಾತು. ಮೂರಕ್ಕಿಂತ ಕಡಿಮೆ ತುಂಬಿದರೆ ಸಿಕ್ಕಿದ್ದು ಸಮಾಧಾನ, ಅಷ್ಟೇ. ಕೊನೆಯ ಖಾನೆಯನ್ನು ಕೇಳಲು ಎಲ್ಲರಿಗೂ ಸಂಕೋಚ. ಅದಕ್ಕೇ ಅದು ಯಾವಾಗಲೂ ಖಾಲಿ ಇರುತ್ತದೆ.

## ಹಂತ 1: ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಿ

ಸಾರಾಂಶ ಬೇಡ. ಅವರ ಬಾಯಿಂದ ಬಂದ ವಾಕ್ಯವೇ ಬೇಕು. ನಾವು ಸಾರಾಂಶ ಬರೆಯುವಾಗ ನಮಗೆ ಬೇಕಾದ ಅರ್ಥವನ್ನು ನಾವೇ ಸೇರಿಸುತ್ತೇವೆ, ಎದುರಿನವರ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ನನ್ನದೇ ಒಂದು ಪೆಟ್ಟು ಹೇಳುತ್ತೇನೆ. ಒಂದು ಸಂಸ್ಥೆಗೆ ಅನುವಾದದ ಕೆಲಸ ಮಾಡಿಕೊಟ್ಟು ಬಿಲ್ ಕಳುಹಿಸಿದ್ದೆ. ವಿಚಾರಿಸಿದಾಗ ಬಂದ ಉತ್ತರ: "ನಿಮ್ಮ ಬಿಲ್ ಮುಂದಕ್ಕೆ ಹೋಗಿದೆ ಸಾರ್." ಒಂದು ಟೇಬಲ್ ದಾಟಿ ಮುಂದಿನ ಟೇಬಲ್‌ಗೆ ಹೋಗಿದೆ ಎಂದುಕೊಂಡು ಖುಷಿಪಟ್ಟೆ. ಪುಸ್ತಕದಲ್ಲಿ "ಬಿಲ್ ಪಾಸಾಗುತ್ತಿದೆ" ಎಂದು ಬರೆದುಕೊಂಡೆ. ಸಭೆ ಮುಂದಕ್ಕೆ ಹೋಗಿದೆ ಎನ್ನುತ್ತಾರಲ್ಲ, ಅವರು ಹೇಳಿದ್ದು ಆ ಅರ್ಥದಲ್ಲಿ. ಬಿಲ್ ಮುಂದಿನ ತಿಂಗಳಿಗೆ ಹೋಗಿತ್ತು. ಅವರ ಮಾತನ್ನೇ ಇದ್ದಂತೆ ಬರೆದುಕೊಂಡಿದ್ದರೆ ಎರಡನೇ ಸಲ ಓದುವಾಗಲಾದರೂ ಆ ಇನ್ನೊಂದು ಅರ್ಥ ಕಣ್ಣಿಗೆ ಬೀಳುತ್ತಿತ್ತು. ಸಾರಾಂಶ ಬರೆದುಕೊಂಡಿದ್ದರಿಂದ ಅದೂ ಇಲ್ಲ.

## ಹಂತ 2: ವಾಕ್ಯದ ಬಾಲ ಹಿಡಿಯಿರಿ

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಜಾರಿಕೊಳ್ಳುವ ದಾರಿಯೂ ಅಲ್ಲೇ ಇರುತ್ತದೆ. "ನಿಮ್ಮ ದೂರನ್ನು ಗಂಭೀರವಾಗಿ ಪರಿಗಣಿಸಿ ಅಗತ್ಯ ಕ್ರಮವನ್ನು" ಎಂಬಲ್ಲಿಯವರೆಗೆ ಕೇಳಿ ಮನಸ್ಸು ತಣ್ಣಗಾಗಿರುತ್ತದೆ, "ಕೈಗೊಳ್ಳಲಾಗುವುದು" ಎಂಬುದು ಕಿವಿಯ ಪಕ್ಕ ಹಾದುಹೋಗುತ್ತದೆ. ಬರೆದುಕೊಂಡ ವಾಕ್ಯದ ಕೊನೆಯ ಪದಕ್ಕೆ ಗೆರೆ ಎಳೆಯಿರಿ. ಆಮೇಲೆ ಅದು ಕೆಳಗಿನ ಯಾವ ಜಾತಿಯದು ನೋಡಿ.

ಮಾಡಲಾಗುವುದು, ಗಮನಕ್ಕೆ ಬಂದಿದೆ, ತಪ್ಪಾಗಿದೆ. ಇಲ್ಲಿ ಮಾಡುವವರೇ ಇಲ್ಲ. "ತಪ್ಪಾಗಿದೆ" ಎಂದರೆ ಮಳೆ ಬಂದ ಹಾಗೆ ತಪ್ಪು ತಾನಾಗಿ ಆಯಿತು. ಯಾರು ಎಂಬ ಖಾನೆ ಖಾಲಿ.

ಮಾಡೋಣ, ನೋಡೋಣ. ಕೇಳಲು ಬಹಳ ಆತ್ಮೀಯ. ಮಾಡುವವರಲ್ಲಿ ನೀವೂ ಸೇರಿರುವುದರಿಂದ ನಾಳೆ ಆಗದಿದ್ದಾಗ "ನೀವು ನೆನಪಿಸಲೇ ಇಲ್ಲವಲ್ಲ" ಎನ್ನಬಹುದು. "ನಾವು" ಎಂಬುದರಲ್ಲೂ ಇದೇ ತೊಡಕು. "ನಾವು ಇದನ್ನು ಶುಕ್ರವಾರದೊಳಗೆ ಮುಗಿಸಬೇಕು" ಎಂದು ಮೇಲಿನವರು ಹೇಳಿದರೆ ಆ "ನಾವು"ನಲ್ಲಿ ಅವರಿದ್ದಾರೋ ಇಲ್ಲವೋ ಅಲ್ಲೇ ಕೇಳಿ ತಿಳಿದುಕೊಳ್ಳಿ. ಇರುವುದು ಅಪರೂಪ.

ಮಾಡುತ್ತೇವೆ. ಇದು ಖಚಿತ ಮಾತು ಎಂದು ಎಲ್ಲರೂ ನಂಬಿರುತ್ತಾರೆ. ಆದರೆ ಇದೇ ರೂಪ ವಾಡಿಕೆಯನ್ನೂ ಹೇಳುತ್ತದೆ, ಮುಂದೆ ಮಾಡಲಿರುವುದನ್ನೂ ಹೇಳುತ್ತದೆ. "ಹಾಳಾದ ಸಾಮಾನು ಬದಲಾಯಿಸಿ ಕೊಡುತ್ತೇವೆ" ಎಂದರೆ ಸಾಮಾನ್ಯವಾಗಿ ಹಾಗೆ ಮಾಡುವುದುಂಟು ಎಂದೋ, ನಿಮ್ಮದನ್ನು ಬದಲಾಯಿಸುವುದು ಖಂಡಿತ ಎಂದೋ? "ನನ್ನದನ್ನು ಬದಲಾಯಿಸಿ ಕೊಡುತ್ತೀರಾ?" ಎಂದು ಒಂದೇ ಪದ ಸೇರಿಸಿ ಕೇಳಿದರೆ ಅನುಮಾನ ಬಗೆಹರಿಯುತ್ತದೆ.

ಮಾಡಬಹುದು. ಅನುಮತಿಯೂ ಹೌದು, ಸಾಧ್ಯತೆಯೂ ಹೌದು. "ಹಣ ವಾಪಸ್ ಸಿಗಬಹುದು" ಎಂಬುದರಲ್ಲಿ ಸಿಗದೇ ಇರಬಹುದು ಎಂಬುದೂ ಅಡಗಿದೆ. ಷರತ್ತುಗಳ ಪತ್ರ ಓದುವಾಗ ಒಂದು ಕೆಲಸ ಮಾಡಿ. ನೀವು ಮಾಡಬೇಕಾದ ಕಡೆ "ತಕ್ಕದ್ದು", ಅವರು ಮಾಡಬೇಕಾದ ಕಡೆ "ಬಹುದು" ಎಂದು ಎಷ್ಟು ಸಲ ಬಂದಿದೆ ಎಣಿಸಿ. ಆ ಲೆಕ್ಕವೇ ಪತ್ರ ಯಾರ ಪರವಾಗಿದೆ ಎಂಬುದನ್ನು ಹೇಳುತ್ತದೆ.

ಇರಬೇಕು, ಆಗಬೇಕು. "ಫೈಲು ಅವರ ಹತ್ತಿರ ಇರಬೇಕು." ಊಹೆಯೋ, ನಿಯಮವೋ? ಇದ್ದೇ ಇರುತ್ತದೆ ಎಂಬ ಅಂದಾಜೋ, ಇರಬೇಕಾಗಿತ್ತು ಆದರೆ ಇಲ್ಲ ಎಂಬ ಸುಳಿವೋ?

ಅಂತೆ. "ಮುಂದಿನ ವಾರ ಕೊಡುತ್ತಾರಂತೆ." ಹೇಳುವವರು ಕೈ ತೊಳೆದುಕೊಂಡಾಯಿತು. ಯಾರು ಹೇಳಿದ್ದು, ಯಾವಾಗ ಹೇಳಿದ್ದು ಎಂದು ಕೇಳಿ ಆ ಮೂಲದವರ ಹತ್ತಿರವೇ ಹೋಗಿ.

ಎಲ್ಲರಿಗೂ ಕೊಡುವುದಿಲ್ಲ. ಕೆಲವರಿಗೆ ಕೊಡುತ್ತಾರೆಯೇ, ಯಾರಿಗೂ ಕೊಡುವುದಿಲ್ಲವೇ? "ಎಲ್ಲ", "ಯಾವಾಗಲೂ" ಇದ್ದ ವಾಕ್ಯ "ಇಲ್ಲ"ದಲ್ಲಿ ಮುಗಿದರೆ ಎರಡು ಸಲ ಓದಿ.

ಆಯ್ತು. ಇದರ ಜೊತೆ ನನಗೆ ಹಳೆಯ ವೈರ. ಒಪ್ಪಿದೆ ಎಂದೂ ಆಗುತ್ತದೆ, ಕೆಲಸ ಮುಗಿಯಿತು ಎಂದೂ ಆಗುತ್ತದೆ, ಕೇಳಿಸಿಕೊಂಡೆ ಎಂದೂ ಆಗುತ್ತದೆ, ಸಾಕು ಇನ್ನು ಹೊರಡಿ ಎಂದೂ ಆಗುತ್ತದೆ. ಎದುರಾಎದುರು ಇದ್ದರೆ ದನಿಯಲ್ಲಿ ಗೊತ್ತಾಗುತ್ತದೆ. ಸಂದೇಶದಲ್ಲಿ ಬರೀ "ಆಯ್ತು" ಬಂದರೆ ಯಾವ ಖಾನೆಯನ್ನೂ ತುಂಬಬೇಡಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಎಂದರೆ ಹೀಗೆ ಸಿಕ್ಕಿದ್ದನ್ನೆಲ್ಲ ಎದುರಿನವರ ಮುಖಕ್ಕೆ ಹಿಡಿಯುವುದು. ಗೆರೆ ಎಳೆಯುವುದು ನಿಮ್ಮ ಪುಸ್ತಕದಲ್ಲಿ. ವ್ಯಾಕರಣದ ಮೇಷ್ಟರಾಗಲು ಹೋದರೆ ಮಾತುಕತೆ ಅಲ್ಲಿಗೇ ನಿಲ್ಲುತ್ತದೆ.

## ಹಂತ 3: ಅಳತೆಯಿಲ್ಲದ ಪದಗಳಿಗೆ ಅಳತೆ ಕೇಳಿ

ಶೀಘ್ರದಲ್ಲೇ, ಸಾಧ್ಯವಾದಷ್ಟು, ಸೂಕ್ತ, ಬಹುತೇಕ, ಅಗತ್ಯಬಿದ್ದರೆ. ಇವನ್ನು ವಾಕ್ಯದಿಂದ ಕಿತ್ತು ಪಕ್ಕಕ್ಕಿಡಿ, ಉಳಿದದ್ದನ್ನು ಓದಿ. "ಸೂಕ್ತ ಸಮಯದಲ್ಲಿ ಸೂಕ್ತ ನಿರ್ಧಾರ" ಎಂಬುದರಲ್ಲಿ ಉಳಿಯುವುದು "ಸಮಯದಲ್ಲಿ ನಿರ್ಧಾರ".

"ಸಾಧ್ಯತೆ ಇದೆ" ಎಂಬುದಕ್ಕೂ ಅಂಕಿ ಕೇಳುವುದು ತಪ್ಪಲ್ಲ. ಅಮೆರಿಕದ ಗುಪ್ತಚರ ವಿಶ್ಲೇಷಕ ಶೆರ್ಮನ್ ಕೆಂಟ್ 1951ರಲ್ಲಿ ಪೇಚಿಗೆ ಸಿಲುಕಿದ್ದು ಇಲ್ಲೇ. ಆ ವರ್ಷ ಯುಗೊಸ್ಲಾವಿಯಾದ ಮೇಲೆ ದಾಳಿ ನಡೆಯುವ "ಗಂಭೀರ ಸಾಧ್ಯತೆ" ಇದೆ ಎಂದು ಅವರ ತಂಡ ವರದಿ ಬರೆದಿತ್ತು. ಹಾಗೆಂದರೆ ನೂರಕ್ಕೆ ಎಷ್ಟು ಎಂದು ಆಮೇಲೆ ತಂಡದವರನ್ನೇ ಕೇಳಿದರೆ ಉತ್ತರ 20ರಿಂದ 80ರವರೆಗೂ ಹರಡಿತ್ತು. ಕೆಂಟ್ ಅವರ ಮನಸ್ಸಿನಲ್ಲಿದ್ದದ್ದು 65. ಒಂದೇ ವಾಕ್ಯವನ್ನು ಕೂಡಿ ಬರೆದು ಸಹಿ ಹಾಕಿದವರ ಪಾಡೇ ಇದು. ಹವಾಮಾನ ಬದಲಾವಣೆಯ ವರದಿ ಬರೆಯುವ ಐಪಿಸಿಸಿ ಈಗ ಪದಕ್ಕೆ ಅಂಕಿ ಕಟ್ಟಿಯೇ ಬಳಸುತ್ತದೆ. ಅವರು "ಸಂಭವನೀಯ" ಎಂದರೆ ಕನಿಷ್ಠ 66%, "ಬಹಳ ಸಂಭವನೀಯ" ಎಂದರೆ 90%, "ಬಹುತೇಕ ಖಚಿತ" ಎಂದರೆ 99%.

ನೀವು ಅಷ್ಟು ದೂರ ಹೋಗಬೇಕಿಲ್ಲ. "ಹತ್ತಕ್ಕೆ ಎಷ್ಟು ಅಂತೀರಿ?" ಎಂದರೆ ಸಾಕು. "ಆಗುತ್ತೆ ಆಗುತ್ತೆ" ಎನ್ನುತ್ತಿದ್ದವರು "ಐದು ಅಂದುಕೊಳ್ಳಿ" ಎಂದಾಗ ನಿಮಗೆ ಬೇಕಾದದ್ದು ಸಿಕ್ಕಿತು.

"ವರೆಗೆ" ಎಂಬ ಪದವೊಂದನ್ನು ಬೇರೆಯಾಗಿಯೇ ಹೇಳಬೇಕು. "70% ವರೆಗೆ ರಿಯಾಯಿತಿ" ಎಂಬುದು 5% ರಿಯಾಯಿತಿಗೂ ಸುಳ್ಳಾಗುವುದಿಲ್ಲ. ಇದು ಮೇಲಿನ ಮಿತಿ ಮಾತ್ರ, ಕೆಳಗಿನದನ್ನು ಯಾರೂ ಅಚ್ಚು ಹಾಕುವುದಿಲ್ಲ. ನೀವು ಕೇಳಬೇಕಾದದ್ದು ಕೆಳಗಿನದನ್ನು: "ಕಡಿಮೆ ಅಂದರೆ ಎಷ್ಟು?"

ದಿನಗಳ ವಿಷಯ ಬಂದರೆ ಕ್ಯಾಲೆಂಡರ್ ತೆಗೆಯಿರಿ. "ಮುಂದಿನ ಶುಕ್ರವಾರ" ಎಂದು ಮಂಗಳವಾರ ಹೇಳಿದರೆ ಯಾವ ಶುಕ್ರವಾರ? "ಹತ್ತು ದಿನದಲ್ಲಿ" ಎಂದರೆ ಇವತ್ತಿನಿಂದಲೋ, ಅರ್ಜಿ ಸ್ವೀಕರಿಸಿದ ದಿನದಿಂದಲೋ, ರಜೆ ಸೇರಿಯೋ ಬಿಟ್ಟೋ? "ಸೋಮವಾರದೊಳಗೆ" ಎಂಬುದರಲ್ಲಿ ಸೋಮವಾರ ಸೇರಿತೋ? ತಾರೀಕು ಬರೆಯದ ಯಾವ ಗಡುವೂ ಗಡುವಲ್ಲ.

## ಹಂತ 4: ಕೇಳಿದ್ದಕ್ಕೇ ಉತ್ತರ ಬಂತೇ ನೋಡಿ

ಮಾತಿನ ಪ್ರತಿಯೊಂದು ಪದ ನಿಜವಾಗಿದ್ದೂ ನೀವು ಮೋಸಹೋಗುವುದು ಈ ಜಾಗದಲ್ಲಿ. ಪ್ರಶ್ನೆಯನ್ನು ಒಂದು ಕಡೆ, ಉತ್ತರವನ್ನು ಇನ್ನೊಂದು ಕಡೆ ಬರೆದು ಎದುರುಬದುರು ಇಟ್ಟು ನೋಡಿ.

ಸ್ಯಾಮ್ಯುಯೆಲ್ ಬ್ರಾನ್ಸ್ಟನ್ ಎಂಬ ಚಿತ್ರ ನಿರ್ಮಾಪಕರ ಕಂಪನಿ ದಿವಾಳಿಯಾಗಿ, 1966ರಲ್ಲಿ ಅಮೆರಿಕದಲ್ಲಿ ಪ್ರಮಾಣ ಮಾಡಿಸಿ ಅವರನ್ನು ವಿಚಾರಿಸಿದರು.

"ಸ್ವಿಸ್ ಬ್ಯಾಂಕುಗಳಲ್ಲಿ ನಿಮ್ಮ ಖಾತೆ ಇದೆಯೇ?"

"ಇಲ್ಲ."

"ಹಿಂದೆ ಎಂದಾದರೂ ಇತ್ತೇ?"

"ಕಂಪನಿಯದೊಂದು ಖಾತೆ ಸುಮಾರು ಆರು ತಿಂಗಳು ಜ್ಯೂರಿಕ್‌ನಲ್ಲಿತ್ತು."

ವಕೀಲರು ಮುಂದಿನ ಪ್ರಶ್ನೆಗೆ ಹೋದರು. ಬ್ರಾನ್ಸ್ಟನ್ ಅವರ ಸ್ವಂತ ಖಾತೆ ಜಿನೀವಾದಲ್ಲಿ ಹೆಚ್ಚುಕಡಿಮೆ ಐದು ವರ್ಷ ಇತ್ತು. ಆದರೆ ಅವರು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಸುಳ್ಳು ಸಾಕ್ಷಿಯ ಅಪರಾಧಕ್ಕೆ ಕೆಳಗಿನ ನ್ಯಾಯಾಲಯಗಳು ತಪ್ಪಿತಸ್ಥ ಎಂದಿದ್ದವು. 1973ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಮ್ಮತದಿಂದ ಅದನ್ನು ರದ್ದು ಮಾಡಿತು. ಉತ್ತರ ಪ್ರಶ್ನೆಗೆ ತಾಳೆಯಾಗದಿದ್ದರೆ ಮತ್ತೆ ಕೇಳಿ ಹಿಡಿದು ನಿಲ್ಲಿಸುವ ಹೊಣೆ ಪ್ರಶ್ನಿಸುವವರದ್ದು ಎಂಬುದು ಆ ತೀರ್ಪಿನ ತಿರುಳು. "ನಾನು ಕೇಳಿದ್ದು ನಿಮ್ಮ ಹೆಸರಿನ ಖಾತೆ" ಎಂಬ ಒಂದೇ ಮಾತು ಅಂದು ಸಾಕಾಗಿತ್ತು.

ದಿನಬಳಕೆಯಲ್ಲಿ ಇದರ ರೂಪಗಳು ಸಣ್ಣವು. "ಈ ಯಂತ್ರದಲ್ಲಿ ತೊಂದರೆ ಇದೆಯೇ?" ಎಂದರೆ "ಇದುವರೆಗೆ ಯಾರಿಂದಲೂ ದೂರು ಬಂದಿಲ್ಲ." ನೀವು ಕೇಳಿದ್ದು ಯಂತ್ರದ ಬಗ್ಗೆ, ಉತ್ತರ ಬಂದದ್ದು ದೂರಿನ ಬಗ್ಗೆ. ಇವತ್ತೇ ಮೊದಲ ಯಂತ್ರ ಮಾರುತ್ತಿದ್ದರೂ ಆ ಮಾತು ನಿಜ. "ನೀವು ಅವರಿಗೆ ಹೇಳಿದಿರಾ?" ಎಂದರೆ "ನಾನು ಯಾಕೆ ಹೇಳಲಿ?" ಇದು ಪ್ರಶ್ನೆ, ಉತ್ತರ ಅಲ್ಲ.

## ಹಂತ 5: ಮರುಪ್ರಶ್ನೆ, ಒಂದು ಸಲಕ್ಕೆ ಒಂದು

ಈಗ ಬಾಯಿ ತೆರೆಯುವ ಸಮಯ. ಎರಡು ಪ್ರಶ್ನೆ ಒಟ್ಟಿಗೆ ಕೇಳಬೇಡಿ. "ಯಾಕೆ"ಯಿಂದ ಶುರು ಮಾಡಬೇಡಿ. "ಯಾಕೆ" ಕೇಳಿದರೆ ಕಾರಣಗಳ ಪುರಾಣ ಬಿಚ್ಚಿಕೊಳ್ಳುತ್ತದೆ. ಅವರಿಗೆ ಬೇಕಾಗಿರುವುದೂ ಅದೇ. ಮೊದಲು "ಈಗ ಎಲ್ಲಿದೆ", ಆಮೇಲೆ "ಯಾರು", ಆಮೇಲೆ "ಯಾವಾಗ". ನನ್ನ ಆ ಬಿಲ್ಲಿನ ವಿಷಯದಲ್ಲಿ ಕೊನೆಗೆ ನಡೆದ ಮಾತು ಹೀಗಿತ್ತು:

"ಮೇಡಂ, ಆ ಅನುವಾದದ ಬಿಲ್ ಈಗ ಎಲ್ಲಿದೆ?"

"ಪ್ರೊಸೆಸ್‌ನಲ್ಲಿದೆ ಸಾರ್."

"ಯಾರ ಟೇಬಲ್ ಮೇಲೆ?"

"ಅಕೌಂಟ್ಸ್‌ನವರ ಹತ್ತಿರ ಇರಬೇಕು."

"ಇರಬೇಕು ಅಂದರೆ, ಕಳಿಸಿದ್ದೀರಾ ಮೇಡಂ, ಇನ್ನು ಕಳಿಸಬೇಕಾ?"

ಸ್ವಲ್ಪ ಹೊತ್ತು ಮಾತಿಲ್ಲ. ನಾನೂ ಸುಮ್ಮನಿದ್ದೆ.

"ಒಂದು ಸಹಿ ಬಾಕಿ ಇದೆ ಸಾರ್."

"ಯಾರದು?"

"ಮ್ಯಾನೇಜರ್ ಅವರದು. ರಜೆಯಲ್ಲಿದ್ದಾರೆ. ಹದಿನೆಂಟಕ್ಕೆ ಬರ್ತಾರೆ."

"ಸಹಿಯಾದ ಮೇಲೆ ದುಡ್ಡು ಬರಲು ಎಷ್ಟು ದಿನ ಬೇಕು?"

"ಮೂರು ದಿನ ಸಾಕು."

ಏಳು ವಾರ "ಪ್ರೊಸೆಸ್"ನಲ್ಲಿದ್ದದ್ದು ಒಂದು ಸಹಿ. ನಡುವಿನ ಆ ಮೌನವನ್ನು ಗಮನಿಸಿ. ಅಲ್ಲಿ ನಾನು "ಪರವಾಗಿಲ್ಲ ಬಿಡಿ, ನಿಧಾನವಾಗಿ ನೋಡಿ ಹೇಳಿ" ಎಂದಿದ್ದರೆ ಎಂಟನೇ ವಾರ ಶುರುವಾಗುತ್ತಿತ್ತು. ನಮ್ಮಲ್ಲಿ ಸುಮ್ಮನಿರುವುದು ಒರಟುತನ ಎನಿಸುವುದರಿಂದ ನಾವೇ ಅವರ ಪರವಾಗಿ ನೆಪ ಹುಡುಕಿ ಕೊಡುತ್ತೇವೆ. ಐದು ಎಣಿಸುವವರೆಗೆ ತಡೆದುಕೊಳ್ಳಿ.

"ಇಲ್ಲ" ಎನ್ನಲು ಸುಲಭದ ದಾರಿಯನ್ನೂ ಇಡಿ. ಎಷ್ಟೋ ಜನ ಹಾರಿಕೆ ಉತ್ತರ ಕೊಡುವುದು ಮೋಸಕ್ಕಲ್ಲ, ಮುಖ ನೋಡಿ "ಆಗುವುದಿಲ್ಲ" ಎನ್ನಲಾರದೆ. ಬೀಸುವ ದೊಣ್ಣೆ ತಪ್ಪಿದರೆ ಸಾಕು ಎಂದಿರುತ್ತಾರೆ. "ಆಗಲ್ಲ ಅಂದರೂ ಬೇಜಾರಿಲ್ಲ, ಬೇರೆ ಕಡೆ ನೋಡಿಕೊಳ್ಳುತ್ತೇನೆ, ಇವತ್ತೇ ಹೇಳಿಬಿಡಿ" ಎಂದು ನೋಡಿ. ತಿಂಗಳಿನಿಂದ ಸಿಗದ ಉತ್ತರ ನಿಮಿಷದಲ್ಲಿ ಸಿಕ್ಕೀತು. ಸ್ಪಷ್ಟವಾದ "ಇಲ್ಲ" ಕೂಡ ಈ ಕೆಲಸದಲ್ಲಿ ಗೆಲುವೇ.

ಕೊನೆಯ ಖಾನೆಗೆ ಬೆದರಿಕೆಯಿಲ್ಲದ ಪ್ರಶ್ನೆ: "ಅವತ್ತಿಗೆ ಆಗದಿದ್ದರೆ ನಾನು ಯಾರನ್ನು ಕೇಳಲಿ?"

## ಹಂತ 6: ಬರೆದು ಕಳುಹಿಸಿ

ಅದೇ ದಿನ, ಸಾಧ್ಯವಾದರೆ ಅದೇ ಗಂಟೆಯಲ್ಲಿ. ಮರುದಿನಕ್ಕೆ ಬಿಟ್ಟರೆ ಅವರ ನೆನಪೂ ಬದಲಾಗಿರುತ್ತದೆ, ನಿಮ್ಮದೂ. ನಾನು ಕಳುಹಿಸಿದ್ದು ಇಷ್ಟು:

"ಮೇಡಂ, ಈಗ ಮಾತಾಡಿದ ಪ್ರಕಾರ: ಬಿಲ್ಲಿಗೆ ಮ್ಯಾನೇಜರ್ ಅವರ ಸಹಿ ಬಾಕಿ ಇದೆ. ಅವರು 18ಕ್ಕೆ ಬಂದು ಸಹಿ ಹಾಕುತ್ತಾರೆ. 21ರ ಸಂಜೆಯೊಳಗೆ ಪೂರ್ತಿ ಮೊತ್ತ ನನ್ನ ಖಾತೆಗೆ ಬರುತ್ತದೆ. ಬಾರದಿದ್ದರೆ 22ರ ಬೆಳಿಗ್ಗೆ ಮ್ಯಾನೇಜರ್ ಅವರಿಗೇ ಫೋನ್ ಮಾಡುತ್ತೇನೆ. ಇದರಲ್ಲಿ ತಪ್ಪಿದ್ದರೆ ತಿಳಿಸಿ."

ಐದು ಖಾನೆಯೂ ಇದರಲ್ಲಿದೆ. "ನೀವು ಹೇಳಿದಿರಿ" ಎಂದು ಬರೆದಿಲ್ಲ, "ಮಾತಾಡಿದ ಪ್ರಕಾರ" ಎಂದಿದೆ. ಮೊದಲನೆಯದು ಆರೋಪದಂತೆ ಕೇಳಿಸುತ್ತದೆ. "ಪೂರ್ತಿ ಮೊತ್ತ" ಎಂಬುದನ್ನು ಬೇಕೆಂದೇ ಸೇರಿಸಿದೆ. ಇಲ್ಲದಿದ್ದರೆ ಒಂದು ಕಂತು ಹಾಕಿ "ಹಣ ಹಾಕಿದ್ದೇವಲ್ಲ" ಎನ್ನಲು ಜಾಗವಿರುತ್ತದೆ.

ಎಚ್ಚರ: ಉತ್ತರ ಬರದಿದ್ದರೆ ಒಪ್ಪಿಗೆ ಎಂದು ತಿಳಿಯಬೇಡಿ. ಮೌನಂ ಸಮ್ಮತಿ ಲಕ್ಷಣಂ ಎಂಬುದು ಇಲ್ಲಿ ನಡೆಯುವುದಿಲ್ಲ. ಇನ್ನೊಮ್ಮೆ ಕೇಳಿ ಒಂದು ಸಾಲಿನ ಉತ್ತರವನ್ನಾದರೂ ಪಡೆಯಿರಿ.

## ಅಪಾಯದ ಗುರುತುಗಳು

ಪ್ರಶ್ನೆ ಚಿಕ್ಕದಾಗುತ್ತ ಹೋದಂತೆ ಉತ್ತರ ಉದ್ದವಾಗುತ್ತಿದ್ದರೆ. "ನಮ್ಮ ಮೇಲೆ ನಂಬಿಕೆ ಇಲ್ವಾ?" ಎಂಬ ಮಾತು ಬಂದರೆ, ತಾರೀಕು ಕೇಳಿದ್ದಕ್ಕೆ ನಂಬಿಕೆಯ ಮಾತು ಏಕೆ? ಬಾಯಲ್ಲಿ ಎಲ್ಲಕ್ಕೂ ಹೂಂ ಎನ್ನುತ್ತ ಬರೆದು ಕೊಡಿ ಎಂದಾಗ ಮಾತ್ರ "ಅದೆಲ್ಲ ಯಾಕೆ" ಎಂದರೆ. ಪ್ರತಿ ಸಲವೂ ಹೊಸದೊಂದು ಷರತ್ತು ಸೇರಿಕೊಂಡರೆ. ಮೂರನೇ ಸಲ ಹೋದಾಗ ಮಾತಾಡಲು ಹೊಸಬರು ಕೂತಿದ್ದು ಅವರಿಗೆ ಏನೂ ಗೊತ್ತಿಲ್ಲದಿದ್ದರೆ. ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ಮರುಪ್ರಶ್ನೆ ನಿಲ್ಲಿಸಿ. ಇಲ್ಲಿಂದ ಮುಂದೆ ಬರೆದದ್ದೇ ಮಾತು, ಅದೂ ಅವರಿಗಿಂತ ಮೇಲಿನವರಿಗೆ.

ಆದರೆ ಎಲ್ಲ ಅಸ್ಪಷ್ಟತೆಯೂ ಕಳ್ಳತನವಲ್ಲ. ಪರೀಕ್ಷೆಯ ವರದಿ ಬರುವ ಮೊದಲು ವೈದ್ಯರು "ಈಗಲೇ ಹೇಳಲಾಗದು" ಎಂದರೆ ಅದು ಪ್ರಾಮಾಣಿಕ ಮಾತು. ಎರಡರ ನಡುವಿನ ವ್ಯತ್ಯಾಸ ಹಿಡಿಯಲು ನಾನು ಕೇಳುವುದು ಒಂದೇ ಪ್ರಶ್ನೆ: "ಯಾವಾಗ ಗೊತ್ತಾಗುತ್ತದೆ, ಏನನ್ನು ನೋಡಿದರೆ ಗೊತ್ತಾಗುತ್ತದೆ?" ನಿಜಕ್ಕೂ ತಿಳಿಯದವರಿಗೆ ಏನು ತಿಳಿದಿಲ್ಲ ಎಂಬುದು ತಿಳಿದಿರುತ್ತದೆ, ಥಟ್ಟನೆ ಹೇಳುತ್ತಾರೆ. ತಿಪ್ಪೆ ಸಾರಿಸುವವರು ಇದಕ್ಕೂ "ನೋಡೋಣ" ಎನ್ನುತ್ತಾರೆ.

## ಹಂತ 7: ಆ ದಿನ ಬಂದಾಗ

ಆರು ಹಂತ ಸರಿಯಾಗಿ ಮಾಡಿದವರೂ ಕೈಬಿಡುವುದು ಇಲ್ಲಿ. 22ರ ಬೆಳಿಗ್ಗೆ ಫೋನ್ ಮಾಡುತ್ತೇನೆ ಎಂದು ಬರೆದಿದ್ದರೆ 22ರ ಬೆಳಿಗ್ಗೆಯೇ ಮಾಡಬೇಕು. 24ಕ್ಕೆ ಮಾಡಿದರೆ ನಿಮ್ಮ ಗಡುವೂ ಅವರ "ಶೀಘ್ರದಲ್ಲೇ" ಇದ್ದ ಹಾಗೆ ಎಂದು ಅವರಿಗೆ ಗೊತ್ತಾಗಿಬಿಡುತ್ತದೆ.

ನನ್ನ ಸಂದೇಶಕ್ಕೆ ಹತ್ತು ನಿಮಿಷದಲ್ಲಿ ಉತ್ತರ ಬಂದಿತ್ತು: "ಆಯ್ತು ಸಾರ್."

"ಆಯ್ತು ಅಂದರೆ 21 ಖಾತ್ರಿಯಾ ಮೇಡಂ?" ಎಂದು ಮತ್ತೆ ಬರೆದೆ.

"ಹೌದು ಸಾರ್, 21." ಈ ಸಲ ಅಂಕಿ ಅವರೇ ಹಾಕಿದ್ದರು.

21ರ ಸಂಜೆ ಬರಲಿಲ್ಲ. 22ರ ಬೆಳಿಗ್ಗೆ ಹತ್ತಕ್ಕೆ ಮ್ಯಾನೇಜರ್ ಅವರಿಗೆ ಫೋನ್ ಮಾಡಿ ಆ ಎರಡು ಸಾಲನ್ನು ಓದಿ ಹೇಳಿದೆ. ಮಧ್ಯಾಹ್ನ ಮೂರಕ್ಕೆ ಹಣ ಬಂದಿತ್ತು.